ಚಾಪೆ ಕೆಳಗೆ ಕಾನೂನು, ರಂಗೋಲಿ ಕೆಳಗೆ ರೈಫಲ್

ಟೆಕ್ಸಸ್‌ನ ಬಂದೂಕಿನ ಅಂಗಡಿಯಲ್ಲಿ ಗೋಡೆಗೆ ತೂಗುಹಾಕಿದ ಎಆರ್-15 ರೈಫಲ್‌ಗೂ ಕ್ಯಾಲಿಫೋರ್ನಿಯಾದಲ್ಲಿ ಸಿಗುವ ಅದೇ ರೈಫಲ್‌ಗೂ ಒಂದು ವ್ಯತ್ಯಾಸ ಇದೆ. ಟೆಕ್ಸಸ್‌ನದಕ್ಕೆ ಪಿಸ್ತೂಲಿನ ಥರ ಒಂದು ಹಿಡಿ ಇರುತ್ತದೆ, ಕೆಳಗೆ 30 ಗುಂಡಿನ ಮ್ಯಾಗಜೀನ್ ನೇತಾಡುತ್ತಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಒಂದು ರೈಫಲ್‌ಗೆ ಆ ಹಿಡಿಯ ಹಿಂದೆ ಪ್ಲಾಸ್ಟಿಕ್ಕಿನ ದಪ್ಪ ರೆಕ್ಕೆಯೊಂದು ಅಂಟಿಕೊಂಡಿರುತ್ತದೆ. ಹೆಬ್ಬೆರಳು ಸುತ್ತಿ ಹಿಡಿಯೋಕೆ ಆಗಬಾರದು ಅಂತಲೇ ಮಾಡಿದ್ದು ಅದು. ಪಕ್ಕದ ರೈಫಲ್‌ಗೆ ಹಿಡಿ ಸರಿಯಾಗಿಯೇ ಇದೆ, ಆದರೆ ಮ್ಯಾಗಜೀನ್ ಹೊರಗೆ ಬರಲ್ಲ. ಗುಂಡು ಖಾಲಿಯಾದರೆ ರೈಫಲನ್ನೇ ಅರ್ಧ ಬಿಚ್ಚಬೇಕು.

ಇಂಥ ವೇಷಗಳನ್ನು ಯಾವ ಇಂಜಿನಿಯರ್ರೂ ಇಷ್ಟಪಟ್ಟು ಮಾಡಿರಲ್ಲ. ಎಲ್ಲವೂ ಕಾನೂನಿನ ಒಂದೊಂದು ಸಾಲು ಓದಿ ಮಾಡಿದ್ದು. ಆ ಸಾಲುಗಳೆಲ್ಲ ಕೊನೆಗೆ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತವೆ: ಖಾಲಿಯಾದ ರೈಫಲ್‌ಗೆ ಮತ್ತೆ ಗುಂಡು ತುಂಬೋಕೆ ಎಷ್ಟು ಸೆಕೆಂಡ್ ಬೇಕು?

ಮೊದಲು ಮ್ಯಾಗಜೀನ್ ಅಂದರೆ ಏನು ಅಂತ ನೋಡೋಣ. ಗುಂಡು ತುಂಬಿಡುವ ಡಬ್ಬಿ ಅದು, ತಳದಲ್ಲಿ ಒಂದು ಸ್ಪ್ರಿಂಗ್. ಸೆಮಿ ಆಟೊಮ್ಯಾಟಿಕ್ ರೈಫಲ್‌ನಲ್ಲಿ ಒಂದು ಸಲ ಟ್ರಿಗರ್ ಎಳೆದರೆ ಒಂದೇ ಗುಂಡು ಹಾರುತ್ತದೆ. ಆ ಗುಂಡಿನ ಬಲದಲ್ಲೇ ಖಾಲಿ ತೋಟಾ ಹೊರಗೆ ಬೀಳುತ್ತದೆ, ಸ್ಪ್ರಿಂಗ್ ಮುಂದಿನದನ್ನು ಮೇಲಕ್ಕೆ ತಳ್ಳುತ್ತದೆ. ಮತ್ತೆ ಎಳೆದರೆ ಮತ್ತೊಂದು. ಒತ್ತಿ ಹಿಡಿದರೆ ಸುರಿಯುತ್ತಲೇ ಇರುವ ಮೆಷಿನ್ ಗನ್ ಬೇರೆ ಜಾತಿ. 1986ರಿಂದ ಅಮೆರಿಕದಲ್ಲಿ ಹೊಸ ಮೆಷಿನ್ ಗನ್ ಸಾಮಾನ್ಯ ಜನರಿಗೆ ಸಿಗಲ್ಲ. ಈ ಎರಡನ್ನೂ ಕಲಸಿಬಿಡುವ ವಾದಗಳು ಜಾಸ್ತಿ, ಅದಕ್ಕೇ ಹೇಳಿದೆ.

ಗುಂಡು ತುಂಬುವ ವೇಗ ಬದಲಾದದ್ದು ನಿಧಾನವಾಗಿ. ಜೋಡು ನಳಿಗೆಯ ಕೋವಿಯನ್ನು ಮಲೆನಾಡಿನಲ್ಲೋ ಕೊಡಗಿನಲ್ಲೋ ಹತ್ತಿರದಿಂದ ನೋಡಿದವರಿಗೆ ಗೊತ್ತು. ಮಧ್ಯಕ್ಕೆ ಮಡಚಬೇಕು, ಎರಡು ಖಾಲಿ ತೋಟಾ ತೆಗೀಬೇಕು, ಎರಡು ಹೊಸದು ಹಾಕಿ ಮುಚ್ಚಬೇಕು. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಇದ್ದ ತ್ರೀ ನಾಟ್ ತ್ರೀ ರೈಫಲ್‌ಗೆ 10 ಗುಂಡಿನ ಮ್ಯಾಗಜೀನ್ ಇತ್ತು. ಅದನ್ನು ಬಿಚ್ಚಿ ಬದಲಾಯಿಸುವ ಪದ್ಧತಿ ಇರಲಿಲ್ಲ. ಐದೈದು ಗುಂಡು ಸಿಕ್ಕಿಸಿದ ಲೋಹದ ಕ್ಲಿಪ್ಪನ್ನು ಮೇಲಿನಿಂದ ಇಟ್ಟು ಹೆಬ್ಬೆರಳಲ್ಲಿ ಒತ್ತಬೇಕಿತ್ತು, ಎರಡು ಸಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಕೈಲಿದ್ದ ಎಂ-1 ಗರಾಂಡ್‌ಗೆ 8 ಗುಂಡಿನ ಕ್ಲಿಪ್ಪು ಇಡಿಯಾಗಿ ಒಳಗೆ ಹೋಗುತ್ತಿತ್ತು. ಆಮೇಲೆ ಬಂದದ್ದು ಡಬ್ಬಿಯನ್ನೇ ಬದಲಾಯಿಸುವ ಕಾಲ. ಎಆರ್-15ರ ಬಲಗಡೆ, ಟ್ರಿಗರ್‌ನ ಬೆರಳಿಗೆ ಎಟುಕುವ ಹಾಗೆ, ಒಂದು ಗುಂಡಿ (ಬಟನ್) ಇದೆ. ಒತ್ತಿದರೆ ಖಾಲಿ ಡಬ್ಬಿ ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ. ಎಡಗೈಯಲ್ಲಿ ಹೊಸದನ್ನು ತಳ್ಳಿದರೆ ಆಯಿತು. ಅಭ್ಯಾಸ ಇರುವವರಿಗೆ ಎರಡು ಮೂರು ಸೆಕೆಂಡಿನ ಕೆಲಸ.

ಆ ಎರಡು ಮೂರು ಸೆಕೆಂಡಿನಲ್ಲಿ ಏನಾಗಿಬಿಡುತ್ತೆ ಅಂತ ಕೇಳುವವರಿಗೆ 2011ರ ಜನವರಿ 8ರ ಟ್ಯೂಸಾನ್ ಘಟನೆ ನೆನಪಿಸಬೇಕು. ಅರಿಝೋನಾದ ಆ ಊರಿನ ಸೂಪರ್ ಮಾರ್ಕೆಟ್ ಮುಂದೆ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಜನರನ್ನು ಭೇಟಿ ಮಾಡುತ್ತಿದ್ದಾಗ ಒಬ್ಬ ಪಿಸ್ತೂಲಿನಿಂದ ಗುಂಡು ಹಾರಿಸಿದ. ಅವನ ಮ್ಯಾಗಜೀನ್‌ನಲ್ಲಿ 33 ಗುಂಡು ಹಿಡಿಯುತ್ತಿದ್ದವು. ಅದು ಖಾಲಿಯಾಗಿ ಇನ್ನೊಂದನ್ನು ತೆಗೆಯುವ ಹೊತ್ತಿಗೆ ಜನ ಅವನ ಮೇಲೆ ಬಿದ್ದರು. ಪೆಟ್ರೀಶಿಯಾ ಮೇಷ್ ಎನ್ನುವ ಮಹಿಳೆ ಆ ಹೊಸ ಮ್ಯಾಗಜೀನ್ ಅವನ ಕೈಗೆ ದಕ್ಕದ ಹಾಗೆ ಕಿತ್ತುಕೊಂಡರು. ಆರು ಜನ ಸತ್ತರು, ಗಿಫರ್ಡ್ಸ್ ಸೇರಿ ಹದಿಮೂರು ಜನರಿಗೆ ಗಾಯವಾಯಿತು. ಮ್ಯಾಗಜೀನ್‌ಗೆ ಮಿತಿ ಬೇಕು ಅನ್ನುವವರು ಕೇಳುವುದು ಇಷ್ಟೇ: ಆ ಬಿಡುವು 33ನೇ ಗುಂಡಿನ ಬದಲು 10ನೇ ಗುಂಡಿಗೇ ಬಂದಿದ್ದರೆ?

ಮಿತಿ ಬೇಡ ಅನ್ನುವವರ ಉತ್ತರವೂ ಸೆಕೆಂಡಿನ ಲೆಕ್ಕದಲ್ಲೇ ಇದೆ. ಜೇಬಿನಲ್ಲಿ ಹತ್ತು ಮ್ಯಾಗಜೀನ್ ಇಟ್ಟುಕೊಂಡು ಬಂದವನಿಗೆ ಮಿತಿಯಿಂದ ಏನೂ ಆಗಲ್ಲ, ರಾತ್ರಿ ಎರಡು ಗಂಟೆಗೆ ಮನೆಗೆ ಕಳ್ಳರು ನುಗ್ಗಿದಾಗ ಹಾಸಿಗೆಯಿಂದ ಎದ್ದು ಬಂದವನ ಕೈಲಿ ಇರುವುದು ಒಂದೇ ಮ್ಯಾಗಜೀನ್, ಹಾಗಾಗಿ ಮಿತಿಯ ಪೆಟ್ಟು ಬೀಳುವುದು ಅವನಿಗೇ ಅಂತ. ಎರಡೂ ಕಡೆಯ ಮಾತಲ್ಲಿ ಹುರುಳಿದೆ. ಆದರೆ ಒಂದು ಗಮನಿಸಿ. ತುಂಬುವ ಬಿಡುವಿಗೆ ಬೆಲೆ ಇದೆ ಅಂತ ಇಬ್ಬರೂ ಒಪ್ಪಿಕೊಂಡಂತೆಯೇ ಆಯಿತು. ಒಬ್ಬರು ಅದನ್ನು ಕೊಲೆಗಾರನ ಕಡೆಯಿಂದ ನೋಡುತ್ತಾರೆ, ಇನ್ನೊಬ್ಬರು ಮನೆಯವನ ಕಡೆಯಿಂದ.

ಈಗ ಕ್ಯಾಲಿಫೋರ್ನಿಯಾದ ಕಥೆ. ಇದು ಶುರುವಾದದ್ದು ಸ್ಟಾಕ್ಟನ್‌ನಲ್ಲಿ, 1989ರ ಜನವರಿ 17ರಂದು. ಕ್ಲೀವ್‌ಲ್ಯಾಂಡ್ ಪ್ರಾಥಮಿಕ ಶಾಲೆಯ ಆಟದ ಬಯಲಿಗೆ ಬಂದವನೊಬ್ಬ ಎಕೆ ಮಾದರಿಯ ಸೆಮಿ ಆಟೊಮ್ಯಾಟಿಕ್ ರೈಫಲ್‌ನಿಂದ 100ಕ್ಕೂ ಜಾಸ್ತಿ ಗುಂಡು ಹಾರಿಸಿದ. ಐದು ಮಕ್ಕಳು ಸತ್ತವು. ಕಾಂಬೋಡಿಯಾ, ವಿಯೆಟ್ನಾಂ ಕಡೆಯಿಂದ ಜೀವ ಉಳಿಸಿಕೊಂಡು ಬಂದ ನಿರಾಶ್ರಿತ ಕುಟುಂಬಗಳ ಮಕ್ಕಳು ಅವು. ಅವನ ಬಳಿ 75 ಗುಂಡಿನ ಡ್ರಮ್ ಮ್ಯಾಗಜೀನ್ ಕೂಡ ಇತ್ತು. ಅದೇ ವರ್ಷ ಗವರ್ನರ್ ಜಾರ್ಜ್ ಡ್ಯುಕ್ಮೇಜಿಯನ್, ರಿಪಬ್ಲಿಕನ್ ಪಕ್ಷದವರು ಅನ್ನುವುದನ್ನು ಮರೆಯಬೇಡಿ, ರಾಬರ್ಟಿ-ರೂಸ್ ಕಾಯ್ದೆಗೆ ಸಹಿ ಹಾಕಿದರು. ದೇಶದಲ್ಲಿ ಈ ಬಗೆಯ ಮೊದಲ ಕಾಯ್ದೆ.

ಕಾಯ್ದೆ ಮಾಡಿದ್ದು ಬಹಳ ಸರಳವಾಗಿ. ಒಂದು ಪಟ್ಟಿ. ಇಂಥ ಕಂಪನಿಯ ಇಂಥ ಮಾದರಿ ಮಾರುವ ಹಾಗಿಲ್ಲ, ಅಷ್ಟೇ. ಕಂಪನಿಗಳು ಹೆಸರು ಬದಲಾಯಿಸಿದವು. ಅದೇ ರೈಫಲ್, ಬೇರೆ ಹೆಸರು, ಪಟ್ಟಿಯಲ್ಲಿ ಇಲ್ಲ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅಂತಾರಲ್ಲ, ಅದರ ಮೊದಲ ಸುತ್ತು ಇದು.

ಅದೇ ಹೊತ್ತಿನಲ್ಲಿ ನಡೆದ ಇನ್ನೊಂದು ವಿಷಯ ನನಗೆ ಯಾವಾಗಲೂ ಕುತೂಹಲ. ರುಗರ್ ಕಂಪನಿ ಕಟ್ಟಿದ ವಿಲಿಯಂ ರುಗರ್, ಅಂದರೆ ಬಂದೂಕು ಮಾರಿಯೇ ದೊಡ್ಡವರಾದವರು, 1989ರಲ್ಲಿ ಸಂಸತ್ತಿನ ಸದಸ್ಯರಿಗೆ ಪತ್ರ ಬರೆದರು. ರೈಫಲ್ ಹೆಸರುಗಳನ್ನು ನಿಷೇಧಿಸುವುದು ಬಿಟ್ಟು 15ಕ್ಕಿಂತ ಜಾಸ್ತಿ ಗುಂಡು ಹಿಡಿಯುವ ಮ್ಯಾಗಜೀನ್ ನಿಷೇಧಿಸಿ ಅಂತ. ಬಂದೂಕು ಪ್ರೇಮಿಗಳು ಅವರನ್ನು ಅದಕ್ಕೆ ಇವತ್ತಿಗೂ ಬೈಯುತ್ತಾರೆ. ತಮ್ಮ ವ್ಯಾಪಾರ ಉಳಿಸಿಕೊಳ್ಳುವ ಆಸೆ ಇದ್ದಿರಬಹುದು. ಆದರೂ ಮಾತು ನೇರವಾಗಿತ್ತು, ರೂಪ ಬಿಡಿ, ಎಣಿಕೆ ನೋಡಿ ಅಂತ.

1994ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವೇ ಇಂಥ ರೈಫಲ್‌ಗಳಿಗೆ ಹತ್ತು ವರ್ಷದ ನಿಷೇಧ ತಂದಿತು. ಅದರಲ್ಲಿ ಮ್ಯಾಗಜೀನ್ ಮಿತಿ 10 ಗುಂಡು. ಈ 10 ಯಾಕೆ, 12 ಯಾಕಲ್ಲ ಅಂತ ಕೇಳಿದರೆ ಯಾವ ವಿಜ್ಞಾನವೂ ಉತ್ತರ ಕೊಡಲ್ಲ. ಎಲ್ಲೋ ಗೆರೆ ಎಳೆಯಬೇಕಿತ್ತು, ಎಳೆದರು. 2004ರ ಸೆಪ್ಟೆಂಬರ್‌ನಲ್ಲಿ ಆ ಕಾಯ್ದೆಯ ಅವಧಿ ಮುಗಿಯಿತು, ಮತ್ತೆ ಜೀವ ಕೊಡಲಿಲ್ಲ. ಆದರೆ 10 ಅನ್ನುವ ಅಂಕಿ ಮಾತ್ರ ರಾಜ್ಯಗಳಲ್ಲಿ ಉಳಿದುಬಿಟ್ಟಿತು. ಇವತ್ತು ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್, ವಾಷಿಂಗ್ಟನ್ ಎಲ್ಲದರಲ್ಲೂ 10. ಕೊಲರಾಡೊದಲ್ಲಿ 15. ಡೆಲಾವೇರ್‌ನಲ್ಲಿ 17. ಇಲಿನಾಯ್‌ನಲ್ಲಿ ಉದ್ದ ಬಂದೂಕಿಗೆ 10, ಪಿಸ್ತೂಲಿಗೆ 15.

ಕ್ಯಾಲಿಫೋರ್ನಿಯಾ ಎರಡನೇ ಸುತ್ತಿಗೆ ಬಂದದ್ದು 1999ರಲ್ಲಿ, ಗ್ರೇ ಡೇವಿಸ್ ಗವರ್ನರ್ ಆಗಿದ್ದಾಗ. ಹೆಸರಿನ ಪಟ್ಟಿ ಸಾಲದು ಅಂತ ಈ ಸಲ ಲಕ್ಷಣದ ಪಟ್ಟಿ ಮಾಡಿದರು. ಸೆಮಿ ಆಟೊಮ್ಯಾಟಿಕ್ ಸೆಂಟರ್‌ಫೈರ್ (ತೋಟಾದ ತಳದ ನಡುವೆ ಪೆಟ್ಟು ಬಿದ್ದು ಸಿಡಿಯುವ ಬಗೆಯ) ರೈಫಲ್ ಆಗಿದ್ದು, ಬಿಚ್ಚಬಹುದಾದ ಮ್ಯಾಗಜೀನ್ ಇದ್ದು, ಜೊತೆಗೆ ಈ ಲಕ್ಷಣಗಳಲ್ಲಿ ಒಂದೇ ಒಂದು ಇದ್ದರೂ ಅದು ‘ಅಸಾಲ್ಟ್ ವೆಪನ್’: ಕೆಳಗೆ ಚಾಚಿಕೊಂಡ ಪಿಸ್ತೂಲಿನ ಹಿಡಿ, ಹೆಬ್ಬೆರಳು ತೂರಿಸುವ ತೂತಿರುವ ಹಿಂಬದಿ (ಹೆಗಲಿಗೆ ಆನಿಸುವ ಭಾಗ), ಮಡಚುವ ಅಥವಾ ಉದ್ದ ಗಿಡ್ಡ ಮಾಡುವ ಹಿಂಬದಿ, ಗ್ರೆನೇಡ್ ಲಾಂಚರ್, ನಳಿಗೆಯ ತುದಿಯ ಬೆಂಕಿ ಮರೆಮಾಚುವ ಫ್ಲಾಶ್ ಸಪ್ರೆಸರ್, ಮುಂದುಗಡೆ ಇನ್ನೊಂದು ಹಿಡಿ. 2000ದ ಜನವರಿ 1ರಿಂದ ಜಾರಿ. 10ಕ್ಕಿಂತ ಜಾಸ್ತಿ ಗುಂಡಿನ ಮ್ಯಾಗಜೀನ್ ತಯಾರಿಸುವುದು, ಮಾರುವುದು, ಹೊರಗಿನಿಂದ ತರುವುದೂ ಅವತ್ತಿನಿಂದಲೇ ನಿಂತಿತು. ಮನೆಯಲ್ಲಿ ಮೊದಲೇ ಇದ್ದದ್ದನ್ನು ಇಟ್ಟುಕೊಳ್ಳಬಹುದಿತ್ತು.

ಇಡೀ ವಿಷಯದ ಕೀಲು ಇರುವುದು ‘ಬಿಚ್ಚಬಹುದಾದ ಮ್ಯಾಗಜೀನ್’ ಅನ್ನುವಲ್ಲಿ. ಅದಕ್ಕೆ ಸರ್ಕಾರ ಕೊಟ್ಟ ವ್ಯಾಖ್ಯೆಯ ಸಾರ ಹೀಗಿತ್ತು: ಬಂದೂಕಿನ ಯಂತ್ರಭಾಗವನ್ನು ಬಿಚ್ಚದೆ, ಯಾವ ಉಪಕರಣವನ್ನೂ ಬಳಸದೆ, ಸುಲಭವಾಗಿ ತೆಗೆಯಬಹುದಾದರೆ ಅದು ಬಿಚ್ಚಬಹುದಾದ ಮ್ಯಾಗಜೀನ್. ಅದರ ಹಿಂದೆಯೇ ಇನ್ನೊಂದು ಪುಟ್ಟ ವಾಕ್ಯ, ಗುಂಡನ್ನೂ ಉಪಕರಣ ಅಂತಲೇ ಲೆಕ್ಕ ಹಿಡಿಯತಕ್ಕದ್ದು.

ಆ ಪುಟ್ಟ ವಾಕ್ಯವನ್ನು ಓದಿ ಯಾರಿಗೋ ಕಣ್ಣು ಮಿನುಗಿರಬೇಕು. ಮ್ಯಾಗಜೀನ್ ಬಿಡಿಸುವ ಗುಂಡಿಯ ಸುತ್ತ ಒಂದು ಕವಚ ಹಾಕಿದರು, ಗುಂಡಿ ಒಳಗೆ ಕೂತಿತು, ಬೆರಳು ಹೋಗಲ್ಲ. ಗುಂಡಿನ ಚೂಪು ತುದಿಯನ್ನು ತೂರಿಸಿ ಒತ್ತಿದರೆ ಮಾತ್ರ ಮ್ಯಾಗಜೀನ್ ಬೀಳುತ್ತದೆ. ಉಪಕರಣ ಬೇಕಾಯಿತಲ್ಲ? ಹಾಗಾದರೆ ಇದು ಬಿಚ್ಚಬಹುದಾದ ಮ್ಯಾಗಜೀನ್ ಅಲ್ಲ. ಅಲ್ಲ ಅಂದಮೇಲೆ ಲಕ್ಷಣದ ಪಟ್ಟಿಯೇ ಅನ್ವಯಿಸಲ್ಲ. ಪಿಸ್ತೂಲಿನ ಹಿಡಿ, ಉದ್ದ ಗಿಡ್ಡ ಮಾಡುವ ಹಿಂಬದಿ ಎಲ್ಲ ಹಾಕಿಕೊಳ್ಳಬಹುದು. ಇದಕ್ಕೇ ಬುಲೆಟ್ ಬಟನ್ ಅಂತ ಹೆಸರು ಬಂತು. ಸುಮಾರು ಹತ್ತು ವರ್ಷ ಕ್ಯಾಲಿಫೋರ್ನಿಯಾದಲ್ಲಿ ಲಕ್ಷಗಟ್ಟಲೆ ರೈಫಲ್ ಈ ರೂಪದಲ್ಲಿ ಕಾನೂನುಬದ್ಧವಾಗಿಯೇ ಮಾರಾಟವಾದವು. ತುಂಬುವ ವೇಗ ಸ್ವಲ್ಪ ಕಮ್ಮಿಯಾಯಿತು, ತುಂಬಾ ಏನಲ್ಲ. ಒಂದು ಎಚ್ಚರಿಕೆ ಮಾತ್ರ ಎಲ್ಲರೂ ಹೇಳುತ್ತಿದ್ದರು. ಆ ಉಪಕರಣವನ್ನು ಬಟನ್ನಿಗೇ ಅಂಟಿಸಿಟ್ಟರೆ ಬೆರಳಲ್ಲೇ ಒತ್ತಿದ ಹಾಗಾಯಿತು, ಆಗ ರೈಫಲ್ ನಿಂತ ನಿಲುವಿನಲ್ಲೇ ಅಪರಾಧ.

2012ರಲ್ಲಿ ಈ ಬುಲೆಟ್ ಬಟನ್ ತೂತನ್ನು ಮುಚ್ಚಲು ಮಸೂದೆ ತಂದವರು ಲೀಲ್ಯಾಂಡ್ ಯೀ ಎನ್ನುವ ರಾಜ್ಯ ಸೆನೆಟರ್. ಮಸೂದೆ ಪಾಸಾಗಲಿಲ್ಲ. ಎರಡು ವರ್ಷದ ಮೇಲೆ ಅದೇ ಯೀ ಕೇಂದ್ರ ಪೊಲೀಸರ ಕೈಗೆ ಸಿಕ್ಕಿಬಿದ್ದರು. ಲಂಚದ ಜೊತೆಗೆ ಅಕ್ರಮ ಶಸ್ತ್ರಾಸ್ತ್ರ ಸಾಗಾಟಕ್ಕೆ ದಾರಿ ಮಾಡಿಕೊಡಲು ಒಪ್ಪಿದ ಆರೋಪ! ಆಮೇಲೆ ತಪ್ಪೊಪ್ಪಿಕೊಂಡು ಐದು ವರ್ಷದ ಶಿಕ್ಷೆಗೂ ಗುರಿಯಾದರು. ಬಂದೂಕು ಪ್ರೇಮಿಗಳಿಗೆ ಇದಕ್ಕಿಂತ ಒಳ್ಳೆ ಜೋಕು ಸಿಕ್ಕಿರಲಿಕ್ಕಿಲ್ಲ.

2015ರ ಡಿಸೆಂಬರ್ 2ರಂದು ಸ್ಯಾನ್ ಬರ್ನಾರ್ಡಿನೊದಲ್ಲಿ ಗಂಡ ಹೆಂಡತಿ ಇಬ್ಬರು ಸೇರಿ 14 ಜನರನ್ನು ಕೊಂದರು. ಅವರ ಬಳಿ ಇದ್ದ ರೈಫಲ್‌ಗಳು ಕ್ಯಾಲಿಫೋರ್ನಿಯಾದಲ್ಲೇ ಕಾನೂನುಬದ್ಧವಾಗಿ ಕೊಂಡವು, ಆಮೇಲೆ ಅಕ್ರಮವಾಗಿ ಬದಲಾಯಿಸಿಕೊಂಡವು ಅಂತ ತನಿಖೆಯಲ್ಲಿ ಗೊತ್ತಾಯಿತು. ಆರೇಳು ತಿಂಗಳಲ್ಲಿ, 2016ರ ಜುಲೈ 1ರಂದು, ಗವರ್ನರ್ ಜೆರ್ರಿ ಬ್ರೌನ್ ಒಂದು ಕಟ್ಟು ಮಸೂದೆಗಳಿಗೆ ಸಹಿ ಹಾಕಿದರು. ಬುಲೆಟ್ ಬಟನ್‌ಗೆ ಅಲ್ಲಿಗೆ ಮಂಗಳ. ಹೊಸ ವ್ಯಾಖ್ಯೆಯಲ್ಲಿ ಉಪಕರಣದ ಮಾತೇ ಇಲ್ಲ. ಬಂದೂಕಿನ ಯಂತ್ರಭಾಗ ಬಿಚ್ಚದೆ ಹೊರಗೆ ಬರಲೇಬಾರದು, ಹಾಗಿದ್ದರೆ ಮಾತ್ರ ಅದು ಸ್ಥಿರ ಮ್ಯಾಗಜೀನ್. 2017ರ ಜನವರಿ 1ರಿಂದ ಇದು ಜಾರಿಗೆ ಬಂತು.

ಆವತ್ತಿನಿಂದ ರೈಫಲ್ ಇದ್ದವರ ಮುಂದೆ ಇದ್ದದ್ದು ಮೂರೇ ದಾರಿ.

ಒಂದು, ಸರ್ಕಾರದಲ್ಲಿ ನೋಂದಾಯಿಸಿ ಇದ್ದ ಹಾಗೇ ಇಟ್ಟುಕೊಳ್ಳುವುದು. ಕೊನೆಯ ದಿನವನ್ನು 2018ರ ಜೂನ್ 30ಕ್ಕೆ ಮುಂದೂಡಿದ್ದರು. ನಮ್ಮ ಕಡೆ ಫಾರಂ ತುಂಬುವ ಕೊನೆಯ ದಿನ ಸರ್ವರ್ ಬಿದ್ದುಹೋಗುತ್ತಲ್ಲ, ಅಲ್ಲೂ ಅದೇ ಕಥೆ. ವೆಬ್‌ಸೈಟ್ ಕೈಕೊಟ್ಟಿತು, ಜನ ಕೋರ್ಟಿಗೆ ಹೋದರು, ಆಗ ನೋಂದಾಯಿಸಲು ಆಗದೇ ಹೋದವರಿಗೆ 2022ರಲ್ಲಿ ಇನ್ನೊಂದು ಅವಕಾಶ ಕೊಡಬೇಕಾಯಿತು.

ಇನ್ನೊಂದು ದಾರಿ, ಲಕ್ಷಣಗಳನ್ನೆಲ್ಲ ಕಿತ್ತುಹಾಕುವುದು. ಇದನ್ನು ಫೀಚರ್‌ಲೆಸ್ ಅನ್ನುತ್ತಾರೆ. ಶುರುವಿನಲ್ಲಿ ಹೇಳಿದ ಪ್ಲಾಸ್ಟಿಕ್ ರೆಕ್ಕೆ ಬರುವುದು ಇಲ್ಲೇ. ಪಿಸ್ತೂಲಿನ ಹಿಡಿ ಅಂದರೆ ಏನು ಅನ್ನುವುದಕ್ಕೆ ಸರ್ಕಾರದ ನಿಯಮ ಕೈಯ ಅಂಗರಚನೆಗೇ ಇಳಿದಿದೆ. ಹೆಬ್ಬೆರಳು ಮತ್ತು ತೋರುಬೆರಳಿನ ಮಧ್ಯದ ಚರ್ಮದ ಮಡಿಕೆ ಇದೆಯಲ್ಲ, ಗುಂಡು ಹಾರಿಸುವಾಗ ಅದು ಟ್ರಿಗರ್‌ನ ಕಾಣುವ ಭಾಗದ ಮೇಲ್ತುದಿಗಿಂತ ಕೆಳಗೆ ಕೂರುವ ಹಾಗಿದ್ದರೆ ಅದು ಪಿಸ್ತೂಲಿನ ಹಿಡಿತ. ಹಾಗಾಗಿ ಆ ಮಡಿಕೆ ಕೆಳಗಿಳಿಯದ ಹಾಗೆ ರೆಕ್ಕೆ ತಡೆಯುತ್ತದೆ, ಹೆಬ್ಬೆರಳು ಬಲಗಡೆಯೇ ಉಳಿಯುತ್ತದೆ. ಹಿಂಬದಿಯನ್ನು ಒಂದೇ ಉದ್ದಕ್ಕೆ ಗಟ್ಟಿ ಮಾಡುತ್ತಾರೆ. ನಳಿಗೆಯ ತುದಿಯ ಫ್ಲಾಶ್ ಸಪ್ರೆಸರ್ ತೆಗೆದು ಮಜಲ್ ಬ್ರೇಕ್ ಹಾಕುತ್ತಾರೆ, ಇದು ಹಿಂದೊದೆತ ಕಮ್ಮಿ ಮಾಡುತ್ತೆ ಆದರೆ ಸದ್ದು ಇನ್ನೂ ಜೋರು. ಇಷ್ಟು ಮಾಡಿದರೆ ಮ್ಯಾಗಜೀನ್ ಬಿಡಿಸುವ ಗುಂಡಿ ಮಾಮೂಲಿನಂತೆ ಕೆಲಸ ಮಾಡಬಹುದು, ಟೆಕ್ಸಸ್‌ನವನಷ್ಟೇ ವೇಗವಾಗಿ ಡಬ್ಬಿ ಬದಲಾಯಿಸಬಹುದು. ಡಬ್ಬಿಯಲ್ಲಿ 10 ಗುಂಡು ಮಾತ್ರ.

ಮೂರನೆಯದು ಮ್ಯಾಗಜೀನನ್ನೇ ಗಟ್ಟಿ ಮಾಡುವುದು. ಎಆರ್-15ರಲ್ಲಿ ಮೇಲಿನ ಅರ್ಧ, ಕೆಳಗಿನ ಅರ್ಧ ಅಂತ ಎರಡು ಭಾಗ, ಎರಡು ಪಿನ್ನುಗಳಿಂದ ಜೋಡಿಸಿರುತ್ತದೆ. ಹಿಂದಿನ ಪಿನ್ ಎಳೆದರೆ ಮುಂದಿನ ಪಿನ್ ಕೀಲಿನ ಹಾಗೆ ಕೆಲಸ ಮಾಡಿ ರೈಫಲ್ ಬಾಯಿ ತೆರೆಯುತ್ತದೆ. ಹೀಗೆ ಬಾಯಿ ತೆರೆದಾಗ ಮಾತ್ರ ಮ್ಯಾಗಜೀನ್ ಹೊರಗೆ ಬರುವ ಹಾಗೆ ಬೀಗ ಹಾಕುತ್ತಾರೆ. ಅಂದರೆ ಇಷ್ಟೆಲ್ಲ ತಂತ್ರಜ್ಞಾನ ಸುತ್ತಿ ಬಂದು ಕೊನೆಗೆ ನಿಂತದ್ದು ಜೋಡು ನಳಿಗೆ ಕೋವಿಯ ಹತ್ತಿರ: ಮಧ್ಯಕ್ಕೆ ಮಡಚು, ಹೊಸದು ಹಾಕು, ಮುಚ್ಚು. ಬಾಯಿ ತೆರೆಯುವುದೇ ಬೇಡ ಅನ್ನುವವರಿಗೆ ಖಾಲಿ ತೋಟಾ ಹಾರುವ ಪಕ್ಕದ ಕಿಂಡಿಯಿಂದ ಗುಂಡು ತಳ್ಳುವ ಪ್ಲಾಸ್ಟಿಕ್ ಸಾಧನಗಳು ಮಾರುಕಟ್ಟೆಗೆ ಬಂದವು. ತ್ರೀ ನಾಟ್ ತ್ರೀಯ ಕ್ಲಿಪ್ಪಿನ ಮೊಮ್ಮಕ್ಕಳು ಅಂದುಕೊಳ್ಳಿ. ಈ ದಾರಿ ಹಿಡಿದವರಿಗೆ ಪಿಸ್ತೂಲಿನ ಹಿಡಿಯೂ ಉಂಟು, ಉಳಿದ ಲಕ್ಷಣಗಳೂ ಉಂಟು, ತುಂಬುವ ವೇಗ ಮಾತ್ರ ಇಲ್ಲ.

ಒಟ್ಟು ಲೆಕ್ಕ ಏನು ಅಂದರೆ, ಆರಾಮದ ಹಿಡಿ ಬೇಕೋ ವೇಗದ ಮ್ಯಾಗಜೀನ್ ಬೇಕೋ, ಒಂದು ಆರಿಸಿಕೋ ಅನ್ನುತ್ತದೆ ಕ್ಯಾಲಿಫೋರ್ನಿಯಾ. ನನಗೆ ಇದರಲ್ಲಿ ಅರ್ಥವಾಗದ್ದು ಮೊದಲ ಅರ್ಧ. ಮ್ಯಾಗಜೀನ್‌ನ ಮಿತಿಗೂ ತುಂಬುವ ಬಿಡುವಿಗೂ ಟ್ಯೂಸಾನ್‌ನಲ್ಲಿ ಕಂಡ ಹಾಗೆ ನೇರ ಸಂಬಂಧ ಇದೆ, ಒಪ್ಪಬಹುದು ಬಿಡಬಹುದು, ವಾದಕ್ಕೆ ಬುಡ ಅಂತೂ ಇದೆ. ಹಿಡಿಯ ಆಕಾರಕ್ಕೆ? ರುಗರ್ ಕಂಪನಿಯದೇ ಮಿನಿ-14 ಅನ್ನುವ ರೈಫಲ್ ಇದೆ. ಎಆರ್-15 ಹಾರಿಸುವ ಗುಂಡನ್ನೇ ಹಾರಿಸುತ್ತದೆ, ಅದೂ ಸೆಮಿ ಆಟೊಮ್ಯಾಟಿಕ್, ಮ್ಯಾಗಜೀನ್ ಅದಕ್ಕೂ ಬಿಚ್ಚಲು ಬರುತ್ತದೆ. ಮರದ ಹಿಂಬದಿಯ ಮಾಮೂಲಿ ಮಾದರಿಗೆ ಪಿಸ್ತೂಲಿನ ಹಿಡಿ ಇಲ್ಲ, ನೋಡೋಕೆ ಹಳೇ ಕಾಲದ ಬೇಟೆ ಬಂದೂಕಿನ ಥರ, ಹಾಗಾಗಿ 10 ಗುಂಡಿನ ಡಬ್ಬಿ ಇಟ್ಟುಕೊಂಡು ಕ್ಯಾಲಿಫೋರ್ನಿಯಾದಲ್ಲಿ ಆರಾಮವಾಗಿ ಮಾರಾಟವಾಯಿತು. ಪರವಾಗಿ ಹೇಳುವವರು, ಆ ಹಿಡಿ ಇದ್ದರೆ ಸತತವಾಗಿ ಹಾರಿಸುವಾಗ ರೈಫಲ್ ಹತೋಟಿಯಲ್ಲಿ ಇರುತ್ತೆ ಅನ್ನುತ್ತಾರೆ. ಇರಬಹುದು. ಆದರೂ ರೂಪ ನೋಡಿ ಬರೆದ ಕಾನೂನನ್ನು ರೂಪ ಬದಲಾಯಿಸಿಯೇ ದಾಟುತ್ತಾರೆ. 1989ರಿಂದ ಇದೇ ನಡೆದಿದೆ.

ನ್ಯೂಯಾರ್ಕ್‌ನವರದು ಇನ್ನೊಂದು ಥರದ ಎಡವಟ್ಟು. 2012ರ ಡಿಸೆಂಬರ್‌ನಲ್ಲಿ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು, ಆರು ಜನ ದೊಡ್ಡವರು ಸತ್ತ ಮೇಲೆ, ಸುಮಾರು ಒಂದು ತಿಂಗಳಲ್ಲಿ, 2013ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಸೇಫ್ ಆ್ಯಕ್ಟ್ ಎನ್ನುವ ಬಂದೂಕು ಕಾಯ್ದೆ ಪಾಸಾಯಿತು. ಆತುರ ಎಷ್ಟಿತ್ತು ಅಂದರೆ ಮಿತಿಯನ್ನು 7 ಗುಂಡು ಅಂತ ಬರೆದುಬಿಟ್ಟರು. ಹೆಚ್ಚಿನ ಬಂದೂಕುಗಳಿಗೆ 7 ಗುಂಡಿನ ಮ್ಯಾಗಜೀನೇ ತಯಾರಾಗುತ್ತಿರಲಿಲ್ಲ! ಆಮೇಲೆ ತಿದ್ದಿದರು: 10ರ ಡಬ್ಬಿ ಇಟ್ಟುಕೋ, ಆದರೆ ಒಳಗೆ ಏಳೇ ತುಂಬು. ಯಾರು ಎಣಿಸಬೇಕು? ಅದೇ ವರ್ಷದ ಕೊನೆಯ ದಿನ ಬಫಲೊದ ಫೆಡರಲ್ ನ್ಯಾಯಾಧೀಶ ವಿಲಿಯಂ ಸ್ಕ್ರೆಟ್ನಿ ಈ ಏಳರ ನಿಯಮವನ್ನು ರದ್ದು ಮಾಡಿದರು, ಉಳಿದ ಬಹುಪಾಲು ಕಾಯ್ದೆಯನ್ನು ಎತ್ತಿಹಿಡಿದರು. 2015ರಲ್ಲಿ ಮೇಲಿನ ಕೋರ್ಟೂ ಏಳರ ಬಗ್ಗೆ ಹಾಗೇ ಹೇಳಿತು.

ಅದೇ ಬಫಲೊ ಊರು ಸ್ಥಿರ ಮ್ಯಾಗಜೀನ್ ದಾರಿಯ ದೌರ್ಬಲ್ಯವನ್ನು ಭಯಂಕರವಾಗಿ ತೋರಿಸಿತು. 2022ರ ಮೇ 14ರಂದು ಟಾಪ್ಸ್ ಸೂಪರ್ ಮಾರ್ಕೆಟ್‌ನಲ್ಲಿ ಹತ್ತು ಜನ ಕಪ್ಪು ವರ್ಣೀಯರನ್ನು ಕೊಂದ ಯುವಕ ರೈಫಲ್ ಕೊಂಡದ್ದು ನ್ಯೂಯಾರ್ಕ್‌ನ ಅಂಗಡಿಯಲ್ಲಿ, ಬೀಗ ಹಾಕಿದ್ದನ್ನೇ. ಆಮೇಲೆ ಬೀಗ ಕಿತ್ತು, ಆ ರಾಜ್ಯದಲ್ಲಿ ನಿಷೇಧ ಇರುವ 30 ಗುಂಡಿನ ಮ್ಯಾಗಜೀನ್ ಬಳಸಿದ. ಅಂಗಡಿಯಲ್ಲಿ ಇದ್ದಾಗ ಕಾನೂನುಬದ್ಧ, ಮನೆಗೆ ಹೋದಮೇಲೆ ಅಲ್ಲ. 2023ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಲೆಟೀಶಿಯಾ ಜೇಮ್ಸ್ ಬೀಗ ತಯಾರಿಸಿದ ಕಂಪನಿಯ ಮೇಲೆಯೇ ದಾವೆ ಹೂಡಿದರು. ಬೀಗವನ್ನು ಹೇಗೆ ತೆಗೆಯುವುದು ಅನ್ನುವುದನ್ನು ಪ್ಯಾಕೆಟ್ಟಿನ ಹಿಂದೆಯೇ ಅಚ್ಚು ಹಾಕಿದ್ದರು ಅನ್ನುವುದು ಆರೋಪ.

ರಾಜ್ಯದ ಗಡಿಯೂ ಒಂದು ತೂತೇ. 2019ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಗಿಲ್ರಾಯ್ ಬೆಳ್ಳುಳ್ಳಿ ಹಬ್ಬದಲ್ಲಿ ಮೂರು ಜನರನ್ನು ಕೊಂದವನು ರೈಫಲ್ ಕೊಂಡದ್ದು ಪಕ್ಕದ ನೆವಾಡಾದಲ್ಲಿ, ಅಲ್ಲಿನ ಕಾನೂನಿಗೆ ಅನುಗುಣವಾಗಿಯೇ. ಸ್ಯಾನ್ ಹೋಸೆಯಲ್ಲಿರುವ ನಮ್ಮವರಿಗೆ ಗಿಲ್ರಾಯ್ ಅಂದರೆ ವಾರಾಂತ್ಯಕ್ಕೆ ಹೋಗಿ ಬರುವ ದೂರ.

ಇನ್ನು ಕೋರ್ಟು. 2016ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರಾಪೊಸಿಷನ್ 63 ಪಾಸು ಮಾಡಿದರು. 10ಕ್ಕಿಂತ ಜಾಸ್ತಿ ಗುಂಡಿನ ಮ್ಯಾಗಜೀನ್ ಹಳೆಯದಾದರೂ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ ಅಂತ. ಅದು ಜಾರಿಗೆ ಬರುವ ಎರಡು ದಿನ ಮೊದಲು ಸ್ಯಾನ್ ಡಿಯಾಗೊದ ಫೆಡರಲ್ ನ್ಯಾಯಾಧೀಶ ರೋಜರ್ ಬೆನಿಟೆಝ್ ತಡೆ ಕೊಟ್ಟರು. 2019ರ ಮಾರ್ಚ್ 29ರಂದು ಮಿತಿಯೇ ಸಂವಿಧಾನ ವಿರೋಧಿ ಅಂತ ತೀರ್ಪು ಕೊಟ್ಟರು. ಅವತ್ತಿನಿಂದ ಏಪ್ರಿಲ್ 5ರ ಸಂಜೆ ಐದು ಗಂಟೆಗೆ ಆ ತೀರ್ಪಿಗೇ ತಡೆ ಬರುವವರೆಗೆ ಕ್ಯಾಲಿಫೋರ್ನಿಯಾದ ಜನ 30 ಗುಂಡಿನ ಮ್ಯಾಗಜೀನ್‌ಗಳನ್ನು ಪೆಟ್ಟಿಗೆ ಪೆಟ್ಟಿಗೆ ತರಿಸಿಕೊಂಡರು. ಅವರು ಅದನ್ನು ಇವತ್ತಿಗೂ ಫ್ರೀಡಮ್ ವೀಕ್ ಅಂತ ಕರೆಯುತ್ತಾರೆ. ಇಪ್ಪತ್ತು ವರ್ಷ ಬಾಗಿಲು ಮುಚ್ಚಿ, ಒಂದು ವಾರ ತೆರೆದು, ಮತ್ತೆ ಮುಚ್ಚಿದರೆ ಒಳಗೆ ಎಷ್ಟು ಬಂದಿದೆ ಅಂತ ಯಾರೂ ಖಚಿತವಾಗಿ ಹೇಳಲಾರರು.

ಆಮೇಲೆ ಕೇಸು ಮೇಲೆ ಹೋಯಿತು, ಕೆಳಗೆ ಬಂತು. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಬ್ರೂಯೆನ್ ತೀರ್ಪಿನಲ್ಲಿ, ಬಂದೂಕು ಕಾನೂನುಗಳನ್ನು ದೇಶದ ಚರಿತ್ರೆಯ ಪರಂಪರೆಗೆ ಹೊಂದುತ್ತವೋ ಇಲ್ಲವೋ ಅಂತ ನೋಡಬೇಕು ಎಂದಿತು. ಎಲ್ಲ ಕೇಸುಗಳೂ ಮತ್ತೆ ಮೊದಲಿಂದ. 2023ರಲ್ಲಿ ಬೆನಿಟೆಝ್ ಮತ್ತೆ ಅದೇ ತೀರ್ಪು ಕೊಟ್ಟರು. 2025ರ ಮಾರ್ಚ್ 20ರಂದು ಒಂಬತ್ತನೇ ಸರ್ಕಿಟ್‌ನ (ಪಶ್ಚಿಮದ ರಾಜ್ಯಗಳ ಫೆಡರಲ್ ಮೇಲ್ಮನವಿ ಕೋರ್ಟಿನ) 11 ನ್ಯಾಯಾಧೀಶರ ಪೀಠ 7-4ರಲ್ಲಿ ರಾಜ್ಯದ ಪರ ನಿಂತಿತು. ಬಹುಮತದ ಮುಖ್ಯ ವಾದ, ದೊಡ್ಡ ಮ್ಯಾಗಜೀನ್ ಶಸ್ತ್ರವೇ ಅಲ್ಲ, ಶಸ್ತ್ರಕ್ಕೆ ಜೋಡಿಸುವ ಹೆಚ್ಚುವರಿ ವಸ್ತು, ಅದಕ್ಕೆ ಸಂವಿಧಾನದ ರಕ್ಷಣೆ ಇಲ್ಲ ಅನ್ನುವುದು. ಭಿನ್ನಮತ ಬರೆದ ಲಾರೆನ್ಸ್ ವ್ಯಾನ್‌ಡೈಕ್ ಅದರ ಜೊತೆಗೆ ಒಂದು ವಿಡಿಯೊ ಕೂಡ ಹಾಕಿದರು. ತಮ್ಮ ಕಚೇರಿಯಲ್ಲೇ ಕೂತು, ಗುಂಡು ಹಾರದ ಹಾಗೆ ಮಾಡಿದ ಪಿಸ್ತೂಲನ್ನು ಬಿಚ್ಚಿ ತೋರಿಸುತ್ತಾ, ಹೀಗೆ ನೋಡಿದರೆ ಹಿಡಿಯೂ ಹೆಚ್ಚುವರಿ ವಸ್ತುವೇ ಆಗಿಬಿಡುತ್ತದೆ, ಎಲ್ಲಿ ನಿಲ್ಲಿಸುತ್ತೀರಿ ಅನ್ನುವ ಧಾಟಿಯಲ್ಲಿ ವಾದಿಸಿದರು. ಜೊತೆಯ ನ್ಯಾಯಾಧೀಶರೇ ಇದು ತೀರ್ಪು ಬರೆಯುವ ರೀತಿಯಲ್ಲ ಅಂತ ಕಟುವಾಗಿ ಆಕ್ಷೇಪಿಸಿದರು. ತೀರ್ಪು ಓದುವವರಿಗಿಂತ ಆ ವಿಡಿಯೊ ನೋಡಿದವರೇ ಜಾಸ್ತಿ ಇರಬೇಕು.

ಇಲಿನಾಯ್, ವಾಷಿಂಗ್ಟನ್ ರಾಜ್ಯಗಳು ಕ್ಯಾಲಿಫೋರ್ನಿಯಾದ ಕಥೆ ನೋಡಿಯೋ ಏನೋ, 2023ರಲ್ಲಿ ಹೆಸರಿನ ಪಟ್ಟಿ, ಲಕ್ಷಣದ ಪಟ್ಟಿ ಎರಡನ್ನೂ ಒಟ್ಟಿಗೇ ಹಾಕಿ ಬಿಗಿಯಾದ ಕಾಯ್ದೆ ಮಾಡಿವೆ.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ ಬೇ ಏರಿಯಾದ ಕನ್ನಡಿಗರಿಗೆ, ಮುಖ್ಯವಾಗಿ ಟೆಕ್ಸಸ್ಸಿಂದಲೋ ಅರಿಝೋನಾದಿಂದಲೋ ಕೆಲಸ ಬದಲಾಯಿಸಿ ಇಲ್ಲಿಗೆ ಬರುವವರಿಗೆ, ಒಂದೆರಡು ಮಾತು. ನಮ್ಮ ಜನ ತುಂಬಿಕೊಂಡಿರುವ ಸನ್ನಿವೇಲ್ ನಗರ 10ಕ್ಕಿಂತ ದೊಡ್ಡ ಮ್ಯಾಗಜೀನ್ ಮನೆಯಲ್ಲಿ ಇಟ್ಟುಕೊಳ್ಳುವುದನ್ನು 2013ರ ನವೆಂಬರ್‌ನಲ್ಲೇ, ಅಂದರೆ ರಾಜ್ಯಕ್ಕಿಂತ ಮೊದಲೇ, ಮತ ಹಾಕಿ ನಿಷೇಧಿಸಿತ್ತು. ಟೆಕ್ಸಸ್ಸಿನಲ್ಲೋ ಅರಿಝೋನಾದಲ್ಲೋ ಕಾನೂನುಬದ್ಧವಾಗಿದ್ದ ರೈಫಲ್ ಗಡಿ ದಾಟಿದ ಕ್ಷಣವೇ ಇಲ್ಲಿ ಗಂಭೀರ ಅಪರಾಧ ಆಗಬಹುದು. ಹಿಡಿ ಬದಲಾಯಿಸುವುದೋ ಮ್ಯಾಗಜೀನ್ ಗಟ್ಟಿ ಮಾಡಿಸುವುದೋ, ಏನಿದ್ದರೂ ಹೊರಡುವ ಮುಂಚೆಯೇ ಆಗಬೇಕು. 30 ಗುಂಡಿನ ಮ್ಯಾಗಜೀನ್ ಅಲ್ಲೇ ಬಿಟ್ಟು ಬನ್ನಿ. ಬಂದ 60 ದಿನದೊಳಗೆ ತಂದ ಬಂದೂಕುಗಳ ವಿವರವನ್ನು ರಾಜ್ಯದ ನ್ಯಾಯ ಇಲಾಖೆಗೆ ಕೊಡಬೇಕು. ಇದಕ್ಕೆಲ್ಲ ಮುಂಚೆ ನಿಮ್ಮ ವೀಸಾ ನೋಡಿಕೊಳ್ಳಿ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಆಗಲಿ, ಒಂದು ಗುಂಡೇ ಆಗಲಿ ಇಟ್ಟುಕೊಳ್ಳುವುದನ್ನು ಕೇಂದ್ರದ ಕಾನೂನೇ ನಿಷೇಧಿಸಿದೆ, ಬೇಟೆಯ ಲೈಸೆನ್ಸ್ ಥರದ ಕೆಲವು ವಿನಾಯಿತಿ ಬಿಟ್ಟರೆ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. ಸ್ನೇಹಿತ ಶೂಟಿಂಗ್ ರೇಂಜಿಗೆ ಕರೆದ ಅಂತ ಸುಮ್ನೆ ಹೊರಡುವ ಮುಂಚೆ ವಲಸೆ ಕಾನೂನು ಗೊತ್ತಿರುವ ವಕೀಲರನ್ನು ಒಂದು ಮಾತು ಕೇಳಿ.